ಜಮ್ಮಾ ಜಮೀನಿನ ಹಾಗಲ್ಲ ಪೆನ್ಷನ್

(ಸುಂಟಿಕೊಪ್ಪದಲ್ಲಿ ತೋಟದ ಕೆಲಸಗಾರರು ಮತ್ತು ನಿವೃತ್ತರ ಮುಂದೆ ಆಡಿದ ಮಾತು. ಅವತ್ತು ಹೇಳಲು ಬಿಟ್ಟುಹೋದ ಒಂದೆರಡು ಲೆಕ್ಕ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶೀಟಿನ ಮೇಲೆ ಮಳೆ ಈ ಥರ ಬಡಿಯುತ್ತಿರುವಾಗ ಹಿಂದಿನ ಸಾಲಿನವರಿಗೆ ನನ್ನ ಮಾತು ಕೇಳಿಸುವುದು ಕಷ್ಟ. ಮುಂದೆ ಕುರ್ಚಿ ಖಾಲಿ ಇವೆ, ಸಂಕೋಚ ಬೇಡ, ಬನ್ನಿ.

ನಾನು ವಕೀಲನಲ್ಲ. 31 ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಹಾಜರಿ ಪುಸ್ತಕ, ಸಂಬಳದ ಪಟ್ಟಿ, ಪಿ.ಎಫ್. ಫಾರಂ, ಇಷ್ಟರಲ್ಲೇ ಆಯುಷ್ಯ ಕಳೆಯಿತು. ನಿವೃತ್ತಿ ಆದ ಮೇಲೂ ಜನ ಕಾಗದ ಹಿಡಿದುಕೊಂಡು ಮನೆಗೆ ಬರುತ್ತಾರೆ.

ಹೋದ ವರ್ಷ ಒಬ್ಬ ಹಿರಿಯರು ಬಂದಿದ್ದರು. ಮೇಸ್ತ್ರಿಯಾಗಿ ನಿವೃತ್ತರಾದವರು. ಕೈಯಲ್ಲಿ ಹೊಸ ಬಾಂಡ್ ಪೇಪರ್. "ರೈಟರೇ, ನನ್ನ ಪೆನ್ಷನ್ ಸಣ್ಣ ಮಗನ ಹೆಸರಿಗೆ ಬರೆದುಬಿಡಿ. ದೊಡ್ಡವನು ಬೆಂಗಳೂರಿನಲ್ಲಿ ಚೆನ್ನಾಗಿದ್ದಾನೆ. ಇವನೇ ನಮ್ಮ ಹತ್ತಿರ ಇರೋದು" ಎಂದರು. ಸಣ್ಣವನಿಗೆ ಎಷ್ಟು ವಯಸ್ಸು ಎಂದು ಕೇಳಿದೆ. 34 ಎಂದರು. ಬಾಂಡ್ ಪೇಪರನ್ನು ಅವರ ಕೈಗೇ ವಾಪಸ್ ಇಟ್ಟು ಕಾಫಿ ಕೊಟ್ಟೆ. ಅವರಿಗೆ ಸಿಟ್ಟು ಬಂತು. "ನಾನು ದುಡಿದದ್ದಲ್ವಾ? ನನ್ನದಲ್ಲದೆ ಇನ್ಯಾರದ್ದು?"

ನ್ಯಾಯವಾದ ಪ್ರಶ್ನೆ. ಇವತ್ತು ನಾನು ಮಾತಾಡುವುದೆಲ್ಲ ಅದಕ್ಕೆ ಉತ್ತರವೇ.

ಕೊಡಗಿನವರಿಗೆ ಈ ವಿಷಯದಲ್ಲಿ ಗೊಂದಲ ಆಗುವುದು ಸಹಜ. ನಮ್ಮ ತಲೆಯಲ್ಲಿ ಕೂತಿರುವುದು ಜಮ್ಮಾ ಜಮೀನಿನ ಲೆಕ್ಕ. ಜಮ್ಮಾ ಅಂದರೆ ಜನ್ಮ. ರಾಜರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ಕೊಟ್ಟ ಜಮೀನು. ಅದು ಒಬ್ಬನದ್ದಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ಮನೆತನದವರೆಲ್ಲರದ್ದು. ಪಟ್ಟೆದಾರ, ಅಂದರೆ ಒಕ್ಕದ ಹಿರಿಯನ ಹೆಸರು ಮುಂದೆ ಇರುತ್ತದೆ, ಹುಟ್ಟಿದ ಮಕ್ಕಳಿಗೆಲ್ಲ ಅದರಲ್ಲಿ ಪಾಲಿರುತ್ತದೆ. ಸೇವೆ ಮಾಡಿದ್ದಕ್ಕೆ ಸಿಕ್ಕಿದ್ದು ತಲೆಮಾರಿನಿಂದ ತಲೆಮಾರಿಗೆ ಹೋಯಿತು. ಹಾಗಾದರೆ ತೋಟದಲ್ಲಿ ಮಾಡಿದ ಸೇವೆಯ ಪೆನ್ಷನ್ ಯಾಕೆ ಹೋಗಬಾರದು ಎಂದು ಅನಿಸುತ್ತದೆ, ಅಲ್ವಾ?

ಹೋಗುವುದಿಲ್ಲ. ಪೆನ್ಷನ್ ಆಸ್ತಿ ಅಲ್ಲ. ವಿಲ್ ಬರೆದು ಕೊಡಲು ಬರುವುದಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಂದು ರೈಲ್ವೆ ನೌಕರರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ವಯಲೆಟ್ ಐಸಾಕ್ ಪ್ರಕರಣ ಎಂದು ಅದರ ಹೆಸರು. ಸತ್ತವರ ಸಹೋದರ ಒಂದು ವಿಲ್ ತೋರಿಸಿ ಫ್ಯಾಮಿಲಿ ಪೆನ್ಷನ್ ತನಗೆ ಬರಬೇಕು ಎಂದಿದ್ದರು. ಫ್ಯಾಮಿಲಿ ಪೆನ್ಷನ್ ಸತ್ತವರ ಆಸ್ತಿಯೊಳಗೆ ಸೇರುವುದೇ ಇಲ್ಲ, ನಿಯಮದಲ್ಲಿ ಯಾರಿಗೆ ಎಂದಿದೆಯೋ ಅವರಿಗೆ ಮಾತ್ರ ಎಂದು ಕೋರ್ಟ್ ಹೇಳಿತು. ಹೆಂಡತಿ ಮಕ್ಕಳನ್ನು ಬಿಟ್ಟು ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ ಎಂಬುದು ನನ್ನ ಪ್ರಕಾರ ಒಳ್ಳೆಯದೇ. ವಿಲ್ ಬರೆಯುವ ಹೊತ್ತಿಗೆ ಮನುಷ್ಯರ ಬುದ್ಧಿ ಯಾವ ಕಡೆ ವಾಲಿರುತ್ತದೋ ಹೇಳಲಾಗದು. ನಾನು ಬೇಕಾದಷ್ಟು ನೋಡಿದ್ದೇನೆ.

ಆದರೆ ಪೂರ್ತಿ ಕತೆ ಅದಲ್ಲ. ಪಿ.ಎಫ್. ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ನಿಜಕ್ಕೂ ಮೂರು ಬೇರೆ ಬೇರೆ ದುಡ್ಡು. ಮೂರೂ ಬೇರೆ ದಾರಿಯಲ್ಲಿ ಹೋಗುತ್ತವೆ.

ನಿಮ್ಮ ಸಂಬಳದಲ್ಲಿ ನೂರಕ್ಕೆ 12 ರೂಪಾಯಿ ಹಿಡಿಯುತ್ತಾರಲ್ಲ, ಅದರಲ್ಲಿ ಒಂದು ಪೈಸೆಯೂ ಪೆನ್ಷನ್‌ಗೆ ಹೋಗುವುದಿಲ್ಲ. ಅಷ್ಟೂ ಪಿ.ಎಫ್. ಖಾತೆಗೆ. ಮಾಲೀಕರೂ 12 ರೂಪಾಯಿ ಹಾಕುತ್ತಾರೆ. ಆ 12ರಲ್ಲಿ 8 ರೂಪಾಯಿ 33 ಪೈಸೆ ಪೆನ್ಷನ್ ನಿಧಿಗೆ, ಉಳಿದ 3 ರೂಪಾಯಿ 67 ಪೈಸೆ ಪಿ.ಎಫ್.ಗೆ. ಪೆನ್ಷನ್ ಲೆಕ್ಕಕ್ಕೆ 15,000 ರೂಪಾಯಿ ಸಂಬಳದ ಮಿತಿ ಇದೆ, ಹಾಗಾಗಿ ತಿಂಗಳಿಗೆ 1,250ಕ್ಕಿಂತ ಜಾಸ್ತಿ ಅಲ್ಲಿಗೆ ಹೋಗುವುದಿಲ್ಲ. ಇದಲ್ಲದೆ ಮಾಲೀಕರು ಇನ್ನೂ ಅರ್ಧ ರೂಪಾಯಿ ಕಟ್ಟುತ್ತಾರೆ. ಅದು ವಿಮೆಗೆ. ಇ.ಡಿ.ಎಲ್.ಐ. ಎನ್ನುತ್ತಾರೆ. ಈ ವಿಮೆ ಇದೆ ಎಂಬುದೇ ತೋಟದ ಕೆಲಸಗಾರರು ಇರುವ ನಮ್ಮ ಲೈನ್ ಮನೆಗಳಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪಿ.ಎಫ್. ದುಡ್ಡು ನಾಮಿನಿಗೆ ಹೋಗುತ್ತದೆ. ಸದಸ್ಯ ಸೇವೆಯಲ್ಲಿದ್ದಾಗ ತೀರಿಹೋದರೆ ವಿಮೆ ದುಡ್ಡೂ ಅದೇ ದಾರಿ. ಪೆನ್ಷನ್ ಮಾತ್ರ ನಿಯಮದ ದಾರಿ ಹಿಡಿಯುತ್ತದೆ. ಮೊದಲು ಗಂಡ ಅಥವಾ ಹೆಂಡತಿಗೆ, ಜೊತೆಯಲ್ಲೇ 25 ವರ್ಷದೊಳಗಿನ ಮಕ್ಕಳಿಗೆ.

ಜೊತೆಯಲ್ಲೇ ಎಂದೆ, ಗಮನಿಸಿ. ತಾಯಿ ಇರುವಷ್ಟು ದಿನ ಮಕ್ಕಳಿಗೆ ಏನೂ ಇಲ್ಲ ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ತಾಯಿಯ ಪೆನ್ಷನ್‌ನ ಕಾಲು ಭಾಗದಷ್ಟು ಪ್ರತಿ ಮಗುವಿಗೆ ಬೇರೆಯೇ ಬರುತ್ತದೆ. ತಾಯಿಯದ್ದರಲ್ಲಿ ಮುರಿದು ಕೊಡುವುದಲ್ಲ, ಅದರ ಮೇಲೆ. ಒಂದು ಸಲಕ್ಕೆ ಇಬ್ಬರು ಮಕ್ಕಳಿಗೆ. ಮೂರು ಮಕ್ಕಳಿದ್ದರೆ ಮೊದಲು ದೊಡ್ಡವರಿಬ್ಬರಿಗೆ. ಹಿರಿಯರಿಗೆ 25 ತುಂಬಿ ನಿಂತ ಮೇಲೆ ಮೂರನೆಯವರ ಸರದಿ. ಇದರಲ್ಲಿ ಗಂಡು ಹೆಣ್ಣು ಭೇದ ಇಲ್ಲ.

ಒಂದು ಲೆಕ್ಕ ಹಾಕೋಣ. ಪೆನ್ಷನ್ ಲೆಕ್ಕದ ಸಂಬಳ, ಅಂದರೆ ಕೊನೆಯ 60 ತಿಂಗಳ ಸರಾಸರಿ, 12,000 ಎಂದಿಟ್ಟುಕೊಳ್ಳಿ. ಸೇವೆ 14 ವರ್ಷ. 12,000ವನ್ನು 14ರಿಂದ ಗುಣಿಸಿ 70ರಿಂದ ಭಾಗಿಸಿ. 2,400 ರೂಪಾಯಿ. 58ರಿಂದ ಆತನಿಗೆ ತಿಂಗಳಿಗೆ ಬರುವುದು ಇಷ್ಟು. ಪೆನ್ಷನ್ ತೆಗೆದುಕೊಳ್ಳುತ್ತಿರುವಾಗ ಆತ ತೀರಿಹೋದರೆ ಹೆಂಡತಿಗೆ ಅರ್ಧ, 1,200. ಓದುವ ಮಗಳೊಬ್ಬಳಿದ್ದರೆ ಅವಳಿಗೆ 1,200ರ ಕಾಲು ಭಾಗ, 300. ಆಮೇಲೆ ತಾಯಿಯೂ ಹೋದರೆ ಮಗಳ 300 ಅಲ್ಲಿಗೇ ನಿಲ್ಲುವುದಿಲ್ಲ. ಅನಾಥ ಪೆನ್ಷನ್ ಎಂದು 1,200ರ ಮುಕ್ಕಾಲು ಪಾಲು, 900 ಆಗುತ್ತದೆ. 25 ತುಂಬುವ ತನಕ.

ಈ 300 ಕೇಳಿ ಅಲ್ಲಿ ಯಾರೋ ನಕ್ಕರು. ನಗುವ ಮೊತ್ತವೇ, ಒಪ್ಪುತ್ತೇನೆ. 2014ರಲ್ಲಿ ಕನಿಷ್ಠ ಪೆನ್ಷನ್ 1,000 ಎಂದು ಮಾಡಿದರು. ಮಕ್ಕಳಿಗೆ ಕನಿಷ್ಠ 250, ಅನಾಥ ಮಕ್ಕಳಿಗೆ 750. ಆಮೇಲೆ ಕಾಫಿ ದರ ಎಲ್ಲಿಂದ ಎಲ್ಲಿಗೋ ಹೋಯಿತು, ಇದು ಅಲ್ಲೇ ಕೂತಿದೆ. ಆದರೂ ಬಿಡಬೇಡಿ. ಸೇವೆಯಲ್ಲಿದ್ದಾಗ ಸಾವಾದರೆ ಲೆಕ್ಕ ಇದಕ್ಕಿಂತ ವಾಸಿ. ಆಗ ಅರ್ಧ ಎಂಬ ಮಾತಿಲ್ಲ. ಆ ದಿನ ನಿವೃತ್ತನಾಗಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು, ಅಥವಾ ಸಂಬಳಕ್ಕೆ ತಕ್ಕಂತೆ ಸ್ಕೀಮಿನ ಪಟ್ಟಿಯಲ್ಲಿರುವ ಮೊತ್ತ, ಯಾವುದು ಜಾಸ್ತಿಯೋ ಅದು.

ಇಲ್ಲೇ ಒಂದು ಘಟನೆ ಹೇಳಬೇಕು. ಸಿದ್ದಾಪುರದ ಕಡೆಯ ಒಂದು ತೋಟ. ಹೆಸರು ಬೇಡ. ಬೆಳಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ಒಬ್ಬ ಹುಡುಗನನ್ನು ಆನೆ ತುಳಿಯಿತು. 29 ವರ್ಷ. ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಅರಣ್ಯ ಇಲಾಖೆಯ ಪರಿಹಾರದ ಬಗ್ಗೆ ಊರೆಲ್ಲ ಮಾತಾಡಿತು. ಪಿ.ಎಫ್. ವಿಷಯ ಯಾರೂ ಎತ್ತಲಿಲ್ಲ. ಆ ಹೆಣ್ಣುಮಗಳು ತೋಟದ ಆಫೀಸಿಗೆ ಹೋಗಿ ಕೇಳಿದ್ದಕ್ಕೆ, "ಅವನು ಸೇರಿ ಒಂದೂವರೆ ವರ್ಷ ಆಯ್ತಷ್ಟೇ. ಪೆನ್ಷನ್‌ಗೆ 10 ವರ್ಷ ಆಗಬೇಕು" ಎಂದು ಕಳಿಸಿದರಂತೆ.

ಇದು ಅರ್ಧ ಸತ್ಯ. 10 ವರ್ಷ ಬೇಕಾಗುವುದು ಬದುಕಿದ್ದು ತನ್ನ ಪೆನ್ಷನ್ ತಾನು ತೆಗೆದುಕೊಳ್ಳುವವನಿಗೆ. ಸೇವೆಯಲ್ಲಿದ್ದಾಗ ಸತ್ತವನ ಕುಟುಂಬಕ್ಕೆ ಆ ಶರತ್ತು ಇಲ್ಲ. ಒಂದೇ ಒಂದು ತಿಂಗಳ ಚಂದಾ ಕಟ್ಟಿದ್ದರೂ ಸಾಕು. ಗ್ರಾಚ್ಯುಟಿಗೂ ಹಾಗೆಯೇ, ಸಾವಾದರೆ 5 ವರ್ಷದ ಶರತ್ತು ಬಿದ್ದುಹೋಗುತ್ತದೆ. ವಿಮೆಯಲ್ಲಿ, ಸಾಯುವ ಮೊದಲು 12 ತಿಂಗಳು ಬಿಡದೆ ಕೆಲಸ ಮಾಡಿದ್ದರೆ ಕನಿಷ್ಠ ಎರಡೂವರೆ ಲಕ್ಷ, ಗರಿಷ್ಠ 7 ಲಕ್ಷ. ಲೆಕ್ಕ ಏನೆಂದರೆ ತಿಂಗಳ ಸಂಬಳದ 35 ಪಟ್ಟು, ಅದರ ಮೇಲೆ ಪಿ.ಎಫ್. ಖಾತೆಯ ಸರಾಸರಿ ಮೊತ್ತದ ಅರ್ಧ, ಆ ಅರ್ಧಕ್ಕೆ ಒಂದೂಮುಕ್ಕಾಲು ಲಕ್ಷದ ಮಿತಿ. 12,000 ಸಂಬಳಕ್ಕೆ 35 ಪಟ್ಟು ಅಂದರೇನೇ 4,20,000 ಆಯಿತು.

ಆಕೆ ನಮ್ಮ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಮೂರು ಫಾರಂ ತುಂಬಿದೆವು. ಪಿ.ಎಫ್.ಗೆ ಫಾರಂ 20, ಪೆನ್ಷನ್‌ಗೆ 10ಡಿ, ವಿಮೆಗೆ 5ಐಎಫ್. ಮೂರೂ ಬಂತು. ಈಗ ಆ ಮನೆಗೆ ತಿಂಗಳಿಗೆ ಮೂರು ಪೆನ್ಷನ್ ಬರುತ್ತಿದೆ, ಆಕೆಯದ್ದೊಂದು, ಮಕ್ಕಳದ್ದೆರಡು. ಆಕೆಗೆ ಇನ್ನೊಂದು ಮಾತನ್ನೂ ಹೇಳಿದೆ. ಹೇಳಲು ಮುಜುಗರ, ಆದರೂ ಹೇಳಬೇಕು. ಮುಂದೆ ಮತ್ತೊಂದು ಮದುವೆ ಆದರೆ ಆಕೆಯ ಪೆನ್ಷನ್ ನಿಲ್ಲುತ್ತದೆ. ಮಕ್ಕಳದ್ದು ನಿಲ್ಲುವುದಿಲ್ಲ. ಬದಲಿಗೆ ಅನಾಥ ಪೆನ್ಷನ್ ದರಕ್ಕೆ ಏರುತ್ತದೆ. ಮಕ್ಕಳ ದುಡ್ಡು ಹೋಗುತ್ತದೆ ಎಂಬ ಹೆದರಿಕೆಗೆ ಯಾರೂ ಮದುವೆ ಬೇಡ ಎನ್ನಬೇಕಾಗಿಲ್ಲ.

ಬೇರೆಯವರ ತಪ್ಪು ಹೇಳಿದೆ. ಈಗ ನನ್ನದು.

1990ರ ದಶಕದ ಕೊನೆ. ಪೆನ್ಷನ್ ಸ್ಕೀಂ 1995ರ ನವೆಂಬರ್ 16ರಿಂದ ಜಾರಿಗೆ ಬಂದಿತ್ತು. ಎಲ್ಲರ ಫಾರಂ 2 ತುಂಬಿ ಕಳಿಸಿ ಎಂದು ಮಾಲೀಕರು ಹೇಳಿದರು. ಒಂದು ಶನಿವಾರ ಸಂಜೆ, ಸಂಬಳ ಬಟವಾಡೆ ಮುಗಿಸಿ, ಲಾಟೀನು ಹಚ್ಚಿಕೊಂಡು 40ಕ್ಕೂ ಜಾಸ್ತಿ ಫಾರಂ ತುಂಬಿದೆ. ಒಬ್ಬೊಬ್ಬರಾಗಿ ಬಂದು ನಿಲ್ಲುವರು. ಹುಟ್ಟಿದ ದಿನ ಯಾವುದು ಎಂದರೆ, "ಆ ವರ್ಷ ಮಳೆ ಜೋರಿತ್ತಂತೆ ರೈಟರೇ" ಎನ್ನುವರು. ಮುಖ ನೋಡಿ ಅಂದಾಜು ಮಾಡಿ ಜೂನ್ 1 ಎಂದು ಬರೆದೆ. ಎಲ್ಲರಿಗೂ ಜೂನ್ 1. ಆ ತೋಟದಲ್ಲಿ ಅರ್ಧ ಜನ ಒಂದೇ ದಿನ ಹುಟ್ಟಿದವರು. ಆಮೇಲೆ ಆಧಾರ್ ಬಂತು. ಅಲ್ಲಿ ಕೂತವರು ಜನವರಿ 1 ಎಂದು ಬರೆದರು. ಎರಡೂ ಸುಳ್ಳು. ಒಂದಕ್ಕೊಂದು ತಾಳೆಯೂ ಆಗುವುದಿಲ್ಲ.

ಫಾರಂ 2ರಲ್ಲಿ ಎರಡು ಭಾಗ ಇವೆ. ಎ ಭಾಗದಲ್ಲಿ ಪಿ.ಎಫ್. ನಾಮಿನಿ. ಬಿ ಭಾಗದಲ್ಲಿ ಪೆನ್ಷನ್‌ಗೆ ಕುಟುಂಬದವರ ಪಟ್ಟಿ. ಅವತ್ತು ಇದ್ದ ಮಕ್ಕಳ ಹೆಸರು ಬರೆದೆ. ಆಮೇಲೆ ಹುಟ್ಟಿದವರನ್ನು ಸೇರಿಸಬೇಕು ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆ 40 ಜನರಲ್ಲಿ ಒಬ್ಬರಿಗೆ ಮೂರು ವರ್ಷದ ನಂತರ ಮಗಳು ಹುಟ್ಟಿದಳು. ತಂದೆ ಕೆಲಸದಲ್ಲಿರುವಾಗಲೇ ಹೃದಯಾಘಾತದಿಂದ ಹೋದರು. ತಾಯಿಗೆ ಪೆನ್ಷನ್ ಬಂತು. ಮಗಳ ಹೆಸರು ಎಲ್ಲೂ ಇಲ್ಲದ ಕಾರಣ ಅವಳಿಗೆ ಬರಲಿಲ್ಲ. ಬರಬೇಕು ಎಂಬುದು ತಾಯಿಗೂ ಗೊತ್ತಿರಲಿಲ್ಲ. ತಾಯಿ ತೀರಿಹೋದಾಗ ಹುಡುಗಿಗೆ 20. ಕುಶಾಲನಗರದಲ್ಲಿ ಡಿಗ್ರಿ ಓದುತ್ತಿದ್ದಳು.

ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತಂದಿದ್ದಳು. ಕವರಿಗೆ ಒಲೆ ಹೊಗೆಯ ವಾಸನೆ. ಲೈನ್ ಮನೆಯ ಅಟ್ಟದಲ್ಲಿಟ್ಟ ಕಾಗದಕ್ಕೆಲ್ಲ ಆ ವಾಸನೆ ಇರುತ್ತದೆ. ಒಳಗೆ ಜೆರಾಕ್ಸ್ ಆದ ಫಾರಂ 2. ನೋಡಿದ ಕೂಡಲೇ ನನ್ನ ಅಕ್ಷರ ನನಗೆ ಗುರುತು ಸಿಕ್ಕಿತು. ಕೆಳಗೆ ಆಕೆಯ ತಂದೆಯ ಹೆಬ್ಬೆಟ್ಟು. ಮಕ್ಕಳ ಹೆಸರಿನ ಜಾಗದಲ್ಲಿ ಎರಡು ಸಾಲು ತುಂಬಿತ್ತು, ಮೂರನೆಯದು ಖಾಲಿ. ಜನನ ಪತ್ರದಲ್ಲಿ ತಂದೆಯ ಹೆಸರು ಮನೆಯಲ್ಲಿ ಕರೆಯುವ ಹೆಸರಾಗಿತ್ತು, ಪಿ.ಎಫ್. ಪುಸ್ತಕದಲ್ಲಿ ಬೇರೆ. ಎರಡೂ ಒಬ್ಬರೇ ಎಂದು ಸಾಬೀತು ಮಾಡಲು ಶಾಲೆಯ ದಾಖಲೆ, ಅಫಿಡವಿಟ್, ಪಂಚಾಯಿತಿ ಪತ್ರ, ಹೀಗೆ 14 ತಿಂಗಳು ಓಡಾಡಿದೆವು. ಪೆನ್ಷನ್ ಮಂಜೂರಾಯಿತು, ಬಾಕಿಯೂ ಬಂತು. ಅಷ್ಟರಲ್ಲಿ ಅವಳು ಕಾಲೇಜು ಬಿಟ್ಟು ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಮತ್ತೆ ಕಾಲೇಜಿಗೆ ಹೋಗಲಿಲ್ಲ.

ಅದಾದ ಮೇಲೆ ಯಾರು ಕಾಗದ ತಂದರೂ ನಾನು ಮೊದಲು ನೋಡುವುದು ಹೆಸರು ಮತ್ತು ಹುಟ್ಟಿದ ದಿನ. ನಮ್ಮ ಜಿಲ್ಲೆಯಲ್ಲಿ ಹೆಸರಿನ ತೊಂದರೆ ಇನ್ನೂ ಒಂದು ಸುತ್ತು ಜಾಸ್ತಿ. ಕೊಡವರಲ್ಲಿ ಮನೆಹೆಸರು ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನ ಒಕ್ಕದ ಹೆಸರೊಂದು, ಗಂಡನ ಒಕ್ಕದ ಹೆಸರೊಂದು. ಎರವರು, ಕುರುಬರಲ್ಲಿ ಅಪ್ಪನಿಗೂ ಮಗನಿಗೂ ಹೆಸರು ಬರೆದವರು ತಮಗೆ ತೋಚಿದಂತೆ ಬರೆದಿದ್ದಾರೆ. ನಿಮ್ಮ ತಪ್ಪಲ್ಲ, ನಿಜ. ಆದರೆ ಬದುಕಿರುವವರು ತಿದ್ದಿಸಿಕೊಳ್ಳುವುದು ಸುಲಭ. ಸತ್ತವರ ಹೆಸರು ತಿದ್ದಿಸುವುದು ಎಷ್ಟು ಕಷ್ಟ ಎಂದು ಆ 14 ತಿಂಗಳಲ್ಲಿ ಗೊತ್ತಾಯಿತು.

ಪಿ.ಎಫ್. ನಾಮಿನಿ ಬಗ್ಗೆ ಒಂದು ಮಾತು. ಬಹಳ ಜನ 19, 20ರ ವಯಸ್ಸಿನಲ್ಲಿ ಸೇರುವಾಗ ತಾಯಿಯ ಹೆಸರು ಕೊಟ್ಟಿರುತ್ತಾರೆ. ಮದುವೆ ಆದ ದಿನ ಆ ನಾಮಿನೇಷನ್ ಸತ್ತುಹೋಯಿತು. ಕಾನೂನೇ ಹಾಗಿದೆ, ಮದುವೆ ನಂತರ ಹೊಸದಾಗಿ ಕೊಡಬೇಕು. ಕುಟುಂಬ ಇರುವಾಗ ಕುಟುಂಬದ ಹೊರಗಿನವರನ್ನು ನಾಮಿನಿ ಮಾಡಿದರೂ ಊರ್ಜಿತವಲ್ಲ. ನಾಮಿನೇಷನ್ ಇಲ್ಲದಿದ್ದರೆ ಕುಟುಂಬದವರಿಗೆ ಸಮ ಪಾಲು. ಆದರೆ ಆ ಪಾಲಿನಲ್ಲಿ ವಯಸ್ಸಿಗೆ ಬಂದ ಗಂಡುಮಕ್ಕಳಿಗೂ ಗಂಡ ಬದುಕಿರುವ ಹೆಣ್ಣುಮಕ್ಕಳಿಗೂ ಜಾಗ ಇಲ್ಲ, ಬೇರೆ ಅರ್ಹರು ಇರುವ ತನಕ. ಹಾಗಾಗಿ ಆ ಮೇಸ್ತ್ರಿಯಂಥವರು 34ರ ಮಗನಿಗೆ ಏನಾದರೂ ಬಿಡಬೇಕು ಎಂದಿದ್ದರೆ ಅದಕ್ಕೆ ದಾರಿ ಪಿ.ಎಫ್. ನಾಮಿನೇಷನ್, ಅದೂ ಕೆಲಸದಲ್ಲಿದ್ದಾಗಲೇ. ನಿವೃತ್ತಿಯಾಗಿ ಪಿ.ಎಫ್. ತೆಗೆದು ಮನೆಗೆ ಹೆಂಚು ಹಾಕಿಸಿದ ಮೇಲೆ ಉಳಿಯುವುದು ಪೆನ್ಷನ್ ಒಂದೇ. ಹಿಂದೆ ಪೆನ್ಷನ್ ಸ್ವಲ್ಪ ಕಡಿಮೆ ತೆಗೆದುಕೊಂಡು, ಸತ್ತ ಮೇಲೆ ನಾಮಿನಿಗೆ ಒಂದು ಗಂಟು ಬರುವಂತೆ ಮಾಡುವ ಆಯ್ಕೆ ಇತ್ತು. 2008ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದುಬಿಟ್ಟರು.

ರೆಸಾರ್ಟ್, ಆಫೀಸು ಕೆಲಸದ ಹುಡುಗರು ಇಲ್ಲಿ ಕೆಲವರಿದ್ದೀರಿ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿ.ಎಫ್.ಗೆ ಸೇರಿ, ಆಗಲೇ ಸಂಬಳ 15,000ಕ್ಕಿಂತ ಜಾಸ್ತಿ ಇದ್ದರೆ ನೀವು ಪೆನ್ಷನ್ ಸ್ಕೀಮಿನಲ್ಲೇ ಇಲ್ಲ. ಮಾಲೀಕರ ಪಾಲು ಪೂರ್ತಿ ಪಿ.ಎಫ್.ಗೆ ಹೋಗುತ್ತದೆ. ಮಕ್ಕಳಿಗೆ ತಿಂಗಳ ಪೆನ್ಷನ್ ಬರುವುದಿಲ್ಲ. ಗೊತ್ತಿರಲಿ. ತೋಟದಿಂದ ತೋಟಕ್ಕೆ ಹೋಗುವವರಿಗೆ ಇನ್ನೊಂದು. 10 ವರ್ಷ ಆಗುವ ಮೊದಲು ಕೆಲಸ ಬಿಟ್ಟು ಪೆನ್ಷನ್ ದುಡ್ಡು ಕಿತ್ತುಕೊಂಡರೆ ಆ ಸೇವೆ ಅಳಿಸಿಹೋಯಿತು. ದುಡ್ಡಿನ ಬದಲು, ಮಾಡಿದ ಸೇವೆಯ ದಾಖಲೆಯಾದ ಸ್ಕೀಂ ಸರ್ಟಿಫಿಕೇಟ್ ಕೇಳಿ ತೆಗೆದುಕೊಂಡರೆ ಆ ಸೇವೆ ಮುಂದಿನ ಕೆಲಸಕ್ಕೆ ಸೇರಿಕೊಳ್ಳುತ್ತದೆ. ಅಸ್ಸಾಂನಿಂದ ಬಂದು ದುಡಿಯುವ ಹುಡುಗರಿಗೂ ಇದನ್ನು ಯಾರಾದರೂ ಹೇಳಿ. 2025ರ ಜನವರಿಯಿಂದ ಪೆನ್ಷನ್ ದೇಶದ ಯಾವ ಬ್ಯಾಂಕಿನಲ್ಲಾದರೂ ತೆಗೆದುಕೊಳ್ಳಬಹುದು. ಊರು ದೂರ ಎಂದು ಅವರ ಮನೆಯವರು ಬಿಟ್ಟುಕೊಡುವುದು ಬೇಡ.

ಮಿಲಿಟರಿಯಲ್ಲಿದ್ದವರು ಇಲ್ಲಿ ಇಲ್ಲದೆ ಇರುತ್ತಾರೆಯೇ? ನಿಮ್ಮದು ಬೇರೆ ಲೋಕ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸಾಮಾನ್ಯ ಫ್ಯಾಮಿಲಿ ಪೆನ್ಷನ್ ಕೊನೆಯ ಸಂಬಳದ 30 ಶೇಕಡಾ, ಸೇವೆಯ ಕಾರಣದಿಂದ ಸಾವಾದರೆ 60, ಯುದ್ಧದಲ್ಲಿ ಮಡಿದರೆ 100. ಹೆಂಡತಿಯ ನಂತರ ಮಕ್ಕಳಿಗೆ. ನಾನು ಕೇಳುವುದು ಒಂದೇ ಪ್ರಶ್ನೆ: ಮಕ್ಕಳು ಹುಟ್ಟಿದಾಗ ಪಾರ್ಟ್ ಟು ಆರ್ಡರ್, ಅಂದರೆ ಯೂನಿಟ್‌ನ ದಾಖಲೆಯಲ್ಲಿ ಹೆಸರು ಸೇರಿಸುವ ಆದೇಶ, ಆಗಿದೆಯಾ? ರಜೆಗೆ ಬಂದಾಗ ಹುಟ್ಟಿದ ಮಗು, ವಾಪಸ್ ಹೋಗಿ ಯೂನಿಟ್‌ನಲ್ಲಿ ಹೇಳುವುದು ಮರೆತುಹೋಗಿರುತ್ತದೆ. ಪಿ.ಪಿ.ಒ., ಅಂದರೆ ಪೆನ್ಷನ್ ಮಂಜೂರಾದ ಆದೇಶ ಪತ್ರ, ತೆಗೆದು ನೋಡಿ. ಇಲ್ಲದಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ, ರೆಕಾರ್ಡ್ ಆಫೀಸಿಗೆ ಹೇಗೆ ಬರೆಯಬೇಕು ಎಂದು ಹೇಳುತ್ತಾರೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ತಾಯಿ ಹಿಂದಿನಿಂದ ಎದ್ದು, "ನನ್ನ ಮಗನಿಗೆ 27. ನಡೆಯಲಾಗದು, ಮಾತಿಲ್ಲ. ಅವನಿಗೂ 25ಕ್ಕೆ ನಿಲ್ಲುತ್ತಾ?" ಎಂದು ಕೇಳಿದರು. ಇಲ್ಲ. ಪೂರ್ತಿಯಾಗಿ ಮತ್ತು ಕಾಯಂ ಆಗಿ ಅಂಗವಿಕಲರಾದ ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ, ಇಬ್ಬರೇ ಮಕ್ಕಳು ಎಂಬ ಲೆಕ್ಕವೂ ಇಲ್ಲ. ಬದುಕಿರುವಷ್ಟು ಕಾಲ ಬರುತ್ತದೆ. ಮಿಲಿಟರಿಯಲ್ಲೂ ಅಂಥ ಮಕ್ಕಳಿಗೆ ಜೀವನಪೂರ್ತಿ ಇದೆ, ತಂದೆ ತಾಯಿ ಇರುವಾಗಲೇ ಪಿ.ಪಿ.ಒ.ಗೆ ಮಗುವಿನ ಹೆಸರು ಸೇರಿಸಲೂ ಬಹುದು. ಸರ್ಟಿಫಿಕೇಟ್ ಈಗಲೇ ಮಾಡಿಸಿಡಿ ಅಮ್ಮಾ ಎಂದೆ. ಆಕೆ ಮತ್ತೆ ಮತ್ತೆ "ನಾನಿಲ್ಲದ ಮೇಲೂ?" ಎಂದು ಕೇಳುತ್ತಿದ್ದರು. ಹೌದು ಎಂದು ಮೂರು ಸಲ ಹೇಳಿದೆ.

ಮೊಮ್ಮಗನಿಗೆ ಬರುತ್ತದೆಯೇ ಎಂದು ಒಬ್ಬರು ಕೇಳಿದರು. ಬರುವುದಿಲ್ಲ. ಪಿ.ಎಫ್. ಆಫೀಸು ದೂರ, ಎಲ್ಲಿ ಕೇಳುವುದು ಎಂದರು ಇನ್ನೊಬ್ಬರು. ಪ್ರತಿ ತಿಂಗಳು 27ಕ್ಕೆ ಜಿಲ್ಲೆಗಳಲ್ಲೇ ಪಿ.ಎಫ್.ನವರ ಶಿಬಿರ ಇರುತ್ತದೆ, ನಿಧಿ ಆಪ್ಕೆ ನಿಕಟ್ ಎಂದು. ಅವತ್ತು ರಜೆಯಾದರೆ ಮುಂದಿನ ಕೆಲಸದ ದಿನ. ಕಾಗದಗಳ ಕವರ್ ಸಮೇತ ಹೋಗಿ.

ಎಲ್ಲರೂ ಎದ್ದ ಮೇಲೆ ಒಬ್ಬರು ನಿಂತೇ ಇದ್ದರು. ತೋಟದಲ್ಲಿ ಕೆಲಸ ಮಾಡುವ ಅಕ್ಕ. ಫೋನ್ ನನ್ನ ಕೈಗೆ ಕೊಟ್ಟು, "ನನ್ನದು ನೋಡಿ" ಎಂದರು. ನಾಮಿನಿ ಜಾಗದಲ್ಲಿ ಅವರ ಯಜಮಾನರ ಹೆಸರು. ಅವರು ಹೋಗಿ 8 ವರ್ಷ ಆಯಿತಂತೆ. ಪಿ.ಯು.ಸಿ. ಓದುವ ಮಗಳು ಪಕ್ಕದಲ್ಲೇ ನಿಂತಿದ್ದಳು, ಆಧಾರ್ ಅವಳ ಬ್ಯಾಗಿನಲ್ಲಿತ್ತು. ಕೂತು ಇ-ನಾಮಿನೇಷನ್ ಶುರು ಮಾಡಿದೆವು. ಫೋಟೊ ಹಾಕಿದ್ದಾಯಿತು, ಮಗಳ ವಿವರ ತುಂಬಿದ್ದಾಯಿತು. ಕೊನೆಯಲ್ಲಿ ಆಧಾರ್‌ನ ಒ.ಟಿ.ಪಿ. ಬರಬೇಕು. ಮಳೆಗೆ ನೆಟ್‌ವರ್ಕ್ ಹೋಗಿತ್ತು. ಮೂವರೂ ಒಂದೇ ಛತ್ರಿಯಲ್ಲಿ ರಸ್ತೆಯ ತಿರುವಿನ ತನಕ ನಡೆದೆವು. ಅಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕಿತು. ಒ.ಟಿ.ಪಿ. ಬಂತು. ಮಗಳು ಒಂದೊಂದೇ ಅಂಕಿ ಜೋರಾಗಿ ಓದಿದಳು, ನಾನು ಒತ್ತಿದೆ. ಸ್ಕ್ರೀನ್ ಮೇಲೆ ಬಿದ್ದ ನೀರನ್ನು ಆ ಅಕ್ಕ ಸೆರಗಿನಿಂದ ಒರೆಸಿ, ನಾಮಿನಿ ಎಂದಿದ್ದ ಸಾಲಿನಲ್ಲಿ ಯಾರ ಹೆಸರಿದೆ, ಓದಿ ಹೇಳು ಎಂದರು ಮಗಳಿಗೆ.